ಕಾರವಾರದ ಕೊಲ್ಲಿಯಲ್ಲಿ ಒಂದಿರುಳು

ಮೂವತ್ತಮೂರು ವರ್ಷಗಳ ಕಾಲ ಸಮುದ್ರದ ಮಗ್ಗುಲಲ್ಲಿಯೇ ಇದ್ದು ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತರಾದ ನಾವು, ಆ ಸಮುದ್ರದ ಮೇಲೆ ಒಂದು ಇರುಳನ್ನಾದರೂ ಕಳೆದವರಲ್ಲವೆಂದರೆ ವಾಚಕರು ನಗದಿರಲಾರರು. ಅಮರಕೋಶದ ವಾರಿವರ್ಗವನ್ನು ಪ್ರತಿವರ್ಷವೂ ಬಾಯಿಪಾಠ ಮಾಡಿಸುತ್ತಿದ್ದೆವು. ಹಾಯಿಕಂಬಕ್ಕೆ ಕೂಪಕ, ಗುಣವೃಕ್ಷಕ, ಹುಟ್ಟಿಗೆ ಕ್ಷೇಪಣಿ, ಚುಕ್ಕಾಣಿಗೆ ಅರಿತ್ರ, ಅದನ್ನು ಹಿಡಿದವನು ಕರ್ಣಧಾರ. ಹೀಗೆ ನಾವು ಕಪ್ಪುಹಲಗೆಯ ಮೇಲೆ ಹಡಗನ್ನು ಕಟ್ಟಿ ತೇಲಿಸುತ್ತಿದ್ದಾಗ ಎದುರಿಗೆ ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬೆಳಗಿನ ಜಾವದಲ್ಲಿ ತಂದೆಯೊಡನೆ ಬಲೆಯೆಳೆದು ಬಂದವರಾಗಿರುತ್ತಿದ್ದರು. ಗುರುವಿಗೆ ಶಬ್ದವು ಗೊತ್ತಿತ್ತು, ಶಿಷ್ಯರಿಗೆ ವಸ್ತುವು ಗೊತ್ತಿತ್ತು. ಇದರ ವಿಚಿತ್ರವು ನಮಗೆ ಆಗ ತೋರಲಿಲ್ಲ.

ಆ ಶಿಷ್ಯರಲ್ಲಿ ಒಬ್ಬನು ಮುಂದೆ ವ್ಯಾಪಾರದ ಹಡಗುಗಳಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷ ಪ್ರಪಂಚವನ್ನು ಸುತ್ತಿದನು. ಈಗ ಊರಿಗೆ ಮರಳಿ, ಕೂಡಿಟ್ಟ ಹಣದಲ್ಲಿ ಒಂದು ಹಳೆಯ ಹಾಯಿದೋಣಿಯನ್ನು ಗೋವೆಯಲ್ಲಿ ಕೊಂಡು, ಅದನ್ನು ಅಘನಾಶಿನಿಯ ಅಳಿವೆಯಲ್ಲಿರುವ ತದಡಿಗೆ ತರುವ ಸಿದ್ಧತೆಯಲ್ಲಿದ್ದನು. ದಾರಿಯಲ್ಲಿ ಕಾರವಾರದ ಕೊಲ್ಲಿಯಲ್ಲಿ ಒಂದಿರುಳು ಲಂಗರು ಹಾಕಿ, ಮರುದಿನ ನಸುಕಿನಲ್ಲಿ ಹೊರಡುವುದೆಂದೂ, ಮಾಸ್ತರರು ಕಾರವಾರದಿಂದ ಹತ್ತಿಕೊಳ್ಳಲೇಬೇಕೆಂದೂ ಹೇಳಿ ಕಳುಹಿದನು. ನಮಗೆ ಈಜು ಬಾರದು. ಈ ಮಾತನ್ನು ನಮಗಿಂತ ಮೊದಲು ನಮ್ಮ ಮನೆಯವರೇ ಆಡಿದರು. “ಕೆರೆಯ ಮೆಟ್ಟಿಲಿನಲ್ಲಿ ಮೂರನೆಯದನ್ನು ಇಳಿಯದವರು ನೀವು. ಅರವತ್ತಕ್ಕೆ ಕಾಲಿಟ್ಟ ಮೇಲೆ ಇದೇನು ಚಪಲ?” ಎಂದರು. ಆದರೂ ಹೊರಡುವ ದಿವಸ ಅವಲಕ್ಕಿ, ಬಾಳೆಯ ಹಣ್ಣು, ಒಂದು ಡಬ್ಬಿಯ ತುಂಬ ತೊಡದೇವು ಇವನ್ನೆಲ್ಲ ಕಟ್ಟಿಕೊಟ್ಟು, ಅಂದು ಬಹುಳ ಏಕಾದಶಿಯೆಂಬುದನ್ನೂ ನೆನಪಿಸಿದರು.

ಬೈತಖೋಲದ ಮೀನುಬಂದರಿನಿಂದ ಒಂದು ಚಿಕ್ಕ ದೋಣಿಯು ನಮ್ಮನ್ನು ಹಾಯಿದೋಣಿಗೆ ಒಯ್ದಿತು. ಮಧ್ಯಾಹ್ನದ ಮೂರು ಗಂಟೆಯಾಗಿದ್ದಿತು. ದೋಣಿಯು ಇಪ್ಪತ್ತೆಂಟು ಅಡಿ ಉದ್ದ. ಒಂದೇ ಕಂಬ, ಎರಡು ಹಾಯಿ, ಹೊಟ್ಟೆಯಲ್ಲಿ ಒಂದು ಸಣ್ಣ ಡೀಸೆಲ್ ಯಂತ್ರ. ಒಳಗೆ ನಾಲ್ವರು ಮಲಗಲು ಕಪಾಟಿನಂತಹ ಹಲಗೆಗಳು. ಶಿಷ್ಯನ ಜೊತೆಗೆ ಇಬ್ಬರಿದ್ದರು. ಒಬ್ಬರು ಎಪ್ಪತ್ತರ ಹತ್ತಿರದ ಹಿರಿಯ ತಾಂಡೇಲರು. ಅವರ ತಂದೆ ಸಾಣಿಕಟ್ಟೆಯ ಉಪ್ಪನ್ನೂ ಮಂಗಳೂರಿನ ಹೆಂಚನ್ನೂ ಮುಂಬಯಿಗೆ ಒಯ್ಯುತ್ತಿದ್ದ ಮಚವೆಗಳಲ್ಲಿ ದುಡಿದವರಂತೆ. ಇನ್ನೊಬ್ಬನು ಅವರ ಮೊಮ್ಮಗ, ಹದಿನೆಂಟರ ಹುಡುಗ. ಹತ್ತಿದ ಕೂಡಲೆ ಶಿಷ್ಯನು ನಮಗೆ ಒಂದು ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿಯನ್ನು ತೊಡಿಸಿ ಅದರ ಪಟ್ಟಿಗಳನ್ನು ತಾನೇ ಬಿಗಿದನು. ಹಿಂದೆ ಪ್ರಾರ್ಥನೆಯ ವೇಳೆಯಲ್ಲಿ ಅವನ ಅಂಗಿಯ ಗುಂಡಿಗಳನ್ನು ಹಾಕಿಕೊಳ್ಳೆಂದು ನಾವು ಗದರುತ್ತಿದ್ದುದು ನೆನಪಿಗೆ ಬಂದಿತು.

ಕೊಲ್ಲಿಯನ್ನು ನೀರಿನಿಂದ ನೋಡಿದಾಗಲೇ ಅದರ ರಚನೆಯು ನಮಗೆ ತಿಳಿದುದು. ದಕ್ಷಿಣಕ್ಕೆ ಒಂದು ಗುಡ್ಡವು ಕಡಲೊಳಗೆ ಮೂಗನ್ನು ಚಾಚಿ ನಿಂತಿದೆ. ಅದರ ಬಗಲಿನಲ್ಲಿ ಬಂದರೂ ಬೈತಖೋಲವೂ ಇವೆ. ಪೂರ್ವಕ್ಕೆ ಪಟ್ಟಣ ಮತ್ತು ಉದ್ದವಾದ ಮರಳ ದಂಡೆ. ಉತ್ತರಕ್ಕೆ ಕಾಳೀನದಿಯ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ. ಡಿಗ್ಗಿಯ ಕಾಡಿನಲ್ಲಿ ಹುಟ್ಟಿ ೧೮೪ ಕಿಲೋಮೀಟರು ಹರಿದು ಬಂದ ನದಿಯು ಇಲ್ಲಿ ಸಮುದ್ರವನ್ನು ಸೇರುತ್ತದೆ. ಅದರ ಮೇಲಿನ ಹಳೆಯ ಸೇತುವೆಯು ೨೦೨೪ರ ಆಗಸ್ಟಿನ ಒಂದು ರಾತ್ರಿ ಕುಸಿದುಬಿದ್ದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಪಶ್ಚಿಮವು ತೆರೆದ ಕಡಲಾದರೂ ಅಲ್ಲಿ ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು ಕಾವಲಿಗೆ ನಿಂತಂತೆ ತೋರುತ್ತವೆ. ಕೂರ್ಮಗಡದಲ್ಲಿ ನರಸಿಂಹನ ಗುಡಿಯಿದೆ. ಪುಷ್ಯಮಾಸದ ಜಾತ್ರೆಗೆ ಜನರು ದೋಣಿಗಳಲ್ಲಿ ಹೋಗಿ ಬಾಳೆಯ ಹಣ್ಣನ್ನು ಒಪ್ಪಿಸುತ್ತಾರೆ. ದೇವಗಡದ ತಲೆಯ ಮೇಲೆ ೧೮೬೪ರಲ್ಲಿ ಕಟ್ಟಿದ ದೀಪಸ್ತಂಭವಿದೆ.

ಈ ಕೊಲ್ಲಿಯನ್ನು ಹಾಡಿ ಹೊಗಳಿದವರಿಗೆ ಕೊರತೆಯಿಲ್ಲ. ರವೀಂದ್ರನಾಥ ಠಾಕೂರರು ೧೮೮೩ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಇಲ್ಲಿಯೇ ಬರೆದರು. ಮರಳದಂಡೆಗೆ ಈಗ ಅವರದೇ ಹೆಸರು. ಅದೇ ದಂಡೆಯ ಮೇಲೆ ನಿವೃತ್ತವಾದ ಒಂದು ಕ್ಷಿಪಣಿ ನೌಕೆಯನ್ನು ನಿಲ್ಲಿಸಿ ಪ್ರದರ್ಶನಾಲಯವನ್ನು ಮಾಡಿದ್ದಾರೆ. ಅದರ ಹೆಸರು ‘ಚಪಲ’. ಲಂಗರೇ ಬೇಡದಂತೆ ಮರಳಿನಲ್ಲಿ ನಿಶ್ಚಲವಾಗಿ ನೆಟ್ಟ ನೌಕೆಗೆ ಆ ಹೆಸರು ಉಳಿದುದನ್ನು ಕಂಡು, ಬೆಳಿಗ್ಗೆ ಮನೆಯವರು ಆಡಿದ ಮಾತೂ ಜ್ಞಾಪಕಕ್ಕೆ ಬಂದು, ನಾವು ಒಬ್ಬರೇ ನಕ್ಕೆವು.

ದಕ್ಷಿಣದ ಗುಡ್ಡದ ಮರೆಯಲ್ಲಿ ಅಂಜುದೀವಿದೆ. ವಾಸ್ಕೋ ಡ ಗಾಮನು ೧೪೯೮ರಲ್ಲಿ ಊರಿಗೆ ಮರಳುವಾಗ ಅಲ್ಲಿ ನಿಂತು ಹಡಗುಗಳನ್ನು ಮಗ್ಗುಲಿಗೆ ವಾಲಿಸಿ ತಳವನ್ನು ದುರಸ್ತಿ ಮಾಡಿಸಿದನು. ಅಲ್ಲಿ ಸಿಹಿನೀರಿತ್ತು, ಮರೆಯಿತ್ತು. ಆದರೆ ಹಡಗಿಗೆ ಒಳ್ಳೆಯದಾದ ಜಾಗವು ಮನುಷ್ಯನಿಗೂ ಒಳ್ಳೆಯದೇ ಆಗಿರಬೇಕೆಂಬ ನಿಯಮವಿಲ್ಲ. ಮುಂಬಯಿಯನ್ನು ಪೋರ್ತುಗೀಜರು ಒಪ್ಪಿಸಿಕೊಡದಿದ್ದಾಗ ಇಂಗ್ಲಿಷ್ ಸಿಪಾಯಿಗಳು ೧೬೬೪ರ ಸುಮಾರಿಗೆ ಅದೇ ದ್ವೀಪದಲ್ಲಿ ಕಾದು ಕುಳಿತಿದ್ದು, ತಮ್ಮ ದಳಪತಿಯೂ ಸೇರಿದಂತೆ ಬಹುಪಾಲು ಮಂದಿ ರೋಗದಿಂದ ಸತ್ತರು. ದ್ವೀಪವು ಭಾರತಕ್ಕೆ ಸೇರಿದುದು ೧೯೬೧ರ ಡಿಸೆಂಬರಿನಲ್ಲಿ. ಈಗ ಅದು ನೌಕಾದಳದ ನೆಲೆಯೊಳಗಿದೆ. ನಮ್ಮಂತಹವರು ದೂರದಿಂದ ನೋಡಿ ತೃಪ್ತರಾಗಬೇಕು.

ಮೀನುಬಂದರಿನ ಕಟ್ಟೆಗೆ ದೋಣಿಯನ್ನು ಕಟ್ಟಬಾರದೇಕೆಂದು ಕೇಳಿದೆವು. ಅಲ್ಲಿ ಯಾಂತ್ರಿಕ ದೋಣಿಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ನಡುರಾತ್ರಿ ಅವು ಹೊರಡುವಾಗ ನಡುವೆ ಸಿಕ್ಕಿದ ತೆಳು ಮೈಯ ಹಾಯಿದೋಣಿಯು ಅಡಕೊತ್ತಿಗೆ ಸಿಕ್ಕಿದ ಅಡಕೆಯಾಗುತ್ತದೆಂದು ಶಿಷ್ಯನು ಹೇಳಿದನು. ಆದ್ದರಿಂದ ಬಂದರಿನ ಕಚೇರಿಗೆ ತಿಳಿಸಿ, ಹಡಗುಗಳು ಓಡಾಡುವ ದಾರಿಯನ್ನು ಬಿಟ್ಟು, ಗುಡ್ಡದ ಉತ್ತರಕ್ಕೆ ಒಂದು ಜಾಗವನ್ನು ಆರಿಸಿಕೊಂಡಿದ್ದನು.

ಲಂಗರು ಹಾಕುವುದೆಂದರೆ ಒಂದು ಭಾರವಾದ ಕಬ್ಬಿಣವನ್ನು ನೀರಿಗೆ ಎಸೆಯುವುದೆಂದು ನಾವು ಅದುವರೆಗೆ ತಿಳಿದಿದ್ದೆವು. ವಾಚಕರಲ್ಲಿ ಹಲವರೂ ಹಾಗೆಯೇ ತಿಳಿದಿರಬಹುದಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ನಮ್ಮ ದೋಣಿಯ ಲಂಗರನ್ನು ಒಬ್ಬನೇ ಮನುಷ್ಯನು ಎತ್ತಬಲ್ಲನು. ಅಷ್ಟು ತೂಕದಿಂದ ಟನ್ನುಗಟ್ಟಲೆ ಭಾರದ ದೋಣಿಯು ನಿಲ್ಲುವುದೆಂತು? ನಿಲ್ಲಿಸುವುದು ಅದರ ತೂಕವಲ್ಲ, ಅದು ನೆಲವನ್ನು ಕಚ್ಚುವ ಬಗೆ. ಅದನ್ನು ಕಂಡೊಡನೆ ನಾವು, “ಇದು ನೇಗಿಲಲ್ಲವೇ?” ಎಂದುಬಿಟ್ಟೆವು. ತಾಂಡೇಲರು ನಕ್ಕು, “ಮತ್ತೇನು ಮಾಸ್ತರೇ, ನಾಂಗರ ಅಂದರೆ ನಾಂಗರವೇ” ಎಂದರು. ಕೊಂಕಣಿ ಮರಾಠಿಗಳಲ್ಲಿ ಉಳುವ ನೇಗಿಲಿಗೂ ದೋಣಿಯ ಲಂಗರಿಗೂ ಒಂದೇ ಶಬ್ದ. ಸಂಸ್ಕೃತದ ಲಾಂಗಲವು ಅದರ ಹಿಂದೆ ಇಣುಕುತ್ತಿದೆ. ನಮ್ಮ ಕನ್ನಡದ ಲಂಗರು ಪಾರಸಿಯಿಂದ ಬಂದುದು. ಮೂವತ್ತಮೂರು ವರ್ಷ ಲಾಂಗಲ ಶಬ್ದಕ್ಕೆ ನೇಗಿಲೆಂದು ಅರ್ಥ ಹೇಳಿದ ನಮಗೆ, ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳ ಮನೆಯಲ್ಲಿ ಅದು ಕಡಲ ತಳವನ್ನು ಉಳುತ್ತಿತ್ತೆಂಬುದು ತಿಳಿದಿರಲಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಈ ನೇಗಿಲಿನಾಕಾರದ ಲಂಗರನ್ನು ೧೯೩೩ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಜೆಫ್ರಿ ಇಂಗ್ರಾಂ ಟೇಲರರು. ಅವರೂ ಹಾಯಿದೋಣಿಯ ಹುಚ್ಚುಳ್ಳವರು. ವಿಜ್ಞಾನಿಯು ಲೆಕ್ಕ ಹಾಕಿ ಮುಟ್ಟಿದ ಆಕಾರವನ್ನು ನಮ್ಮ ಕರಾವಳಿಯ ಶಬ್ದವು ಬಹುಕಾಲದಿಂದ ಹೊತ್ತುಕೊಂಡಿದ್ದಿತು.

ಮೊದಲು ಮನುಷ್ಯನು ಕಲ್ಲನ್ನೇ ಕಟ್ಟಿ ಇಳಿಸುತ್ತಿದ್ದನು. ದ್ವಾರಕೆಯ ಬಳಿಯ ಕಡಲತಳದಲ್ಲಿ ತೂತು ಕೊರೆದ ಅಂತಹ ಕಲ್ಲುಗಳು ಅನೇಕ ದೊರೆತಿವೆ. ಮಹಾಭಾರತದ ಮನುವಾದರೋ ಪ್ರಳಯದ ನೀರಿನಲ್ಲಿ ತನ್ನ ನಾವೆಯನ್ನು ಹಿಮವಂತನ ಶಿಖರಕ್ಕೇ ಬಿಗಿದನು. ಆ ಶಿಖರಕ್ಕೆ ನೌಬಂಧನವೆಂದೇ ಹೆಸರಾಯಿತು. ಅವನಿಗೆ ಲಂಗರು ಜಾರುವ ಭಯವಿರಲಿಲ್ಲ.

ಶಿಷ್ಯನು ಹಾಯಿಗಳನ್ನು ಇಳಿಸಿ, ವಾಯವ್ಯದ ಪಡುಗಾಳಿಗೆ ದೋಣಿಯ ಮೂತಿಯನ್ನು ಎದುರಾಗಿ ತಂದು ನಿಲ್ಲಿಸಿದನು. ಹುಡುಗನು ಆಳವನ್ನು ಹೇಳಿದನು: ಮೂರು ಮಾರು. ಮಾರು ಎಂದರೆ ಎರಡು ತೋಳುಗಳನ್ನು ಚಾಚಿದಷ್ಟು, ಸುಮಾರು ಆರು ಅಡಿ. ಮನೆಯಲ್ಲಿ ಹೂವಿನ ಮಾಲೆಯನ್ನು ಅಳೆಯುವ ಅಳತೆಯೇ ಕಡಲನ್ನೂ ಅಳೆಯುತ್ತದೆ. ಭರತ ಬಂದರೆ ನೀರು ಇನ್ನೂ ಏರುವುದು. ನೀರಿನಿಂದ ದೋಣಿಯ ಅಂಚಿಗೆ ಅರ್ಧ ಮಾರು. ಒಟ್ಟು ನಾಲ್ಕೂವರೆ ಮಾರೆಂದು ಹಿಡಿಯಬೇಕು. ಅದರ ಐದು ಪಟ್ಟಾದರೂ ಸರಪಳಿಯನ್ನು ಬಿಡಬೇಕು. ಹಗ್ಗವಾದರೆ ಏಳು ಪಟ್ಟು. ಏಕೆಂದರೆ ಎಳೆತವು ಮೇಲ್ಮುಖವಾದರೆ ಲಂಗರು ಕಿತ್ತುಬರುತ್ತದೆ. ನೆಲಕ್ಕೆ ಸಮಾಂತರವಾದರೆ ಇನ್ನಷ್ಟು ಆಳಕ್ಕೆ ಹೂಳುತ್ತದೆ. ನೇಗಿಲ ಮೇಳಿಯನ್ನು ಎತ್ತಿ ಹಿಡಿದರೆ ಗುಳವು ಮೇಲೇಳುವುದನ್ನು ಕಂಡ ಒಕ್ಕಲಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನೈದು ಮಾರು ಸರಪಳಿ, ಅದರ ಮೇಲೆ ಹತ್ತು ಮಾರು ಹಗ್ಗ ಹೋಯಿತು. ಬಳಿಕ ಯಂತ್ರವನ್ನು ಹಿಮ್ಮುಖವಾಗಿ ನಡೆಸಿ, ಹಗ್ಗವು ವೀಣೆಯ ತಂತಿಯಂತೆ ಬಿಗಿದು ದೋಣಿಯು ನಿಂತುದನ್ನು ನೋಡಿ, “ಹಿಡಿಯಿತು” ಎಂದನು. ಕಾಳಿಯು ತಂದು ಹಾಸಿದ ಕೆಸರಿನ ತಳ. ಲಂಗರಿಗೆ ಒಳ್ಳೆಯ ಹಾಸಿಗೆಯಂತೆ.

ಸಂಜೆಯು ಎಷ್ಟು ಶಾಂತವಾಗಿದ್ದಿತೆಂದರೆ ಅದನ್ನು ವರ್ಣಿಸುವ ಆಸೆಯನ್ನು ತಡೆದುಕೊಳ್ಳುತ್ತೇವೆ. ಸೂರ್ಯನು ದೇವಗಡದ ಬಲಕ್ಕೋ ಎಡಕ್ಕೋ ಮುಳುಗಿದನು. ನಾವು ಆಗ ಸಂಧ್ಯಾವಂದನೆಗೆ ಕುಳಿತು, ಆಚಮನದ ನೀರು ತುಳುಕದಂತೆ ಹಿಡಿಯುವ ಸಾಹಸದಲ್ಲಿದ್ದೆವು. ಅವರು ಮೂವರು ಅನ್ನ ಬೇಯಿಸಿಕೊಂಡರು. ನಾವು ಫಲಾಹಾರ ಮಾಡಿದೆವು. ತೊಡದೇವುಗಳನ್ನು ನಮ್ಮ ವ್ರತಕ್ಕೆ ಸಲ್ಲದೆಂದು ಹಂಚಿದೆವು, ಒಂದೂ ಉಳಿಯಲಿಲ್ಲ. ಕತ್ತಲಾದೊಡನೆ ಹುಡುಗನು ಸುತ್ತಲೂ ಕಾಣುವ ಒಂದು ಬಿಳಿಯ ದೀಪವನ್ನು ದೋಣಿಯ ಮುಂಭಾಗದಲ್ಲಿ ಏರಿಸಿದನು. ಲಂಗರಿನಲ್ಲಿರುವ ನೌಕೆಯು ರಾತ್ರಿ ಹಾಗೆ ದೀಪ ತೋರಬೇಕೆಂಬುದು ಪ್ರಪಂಚದ ಎಲ್ಲ ಸಮುದ್ರಗಳಿಗೂ ಒಂದೇ ಕಟ್ಟಳೆ.

ಆಮೇಲೆ ಪಹರೆಯ ಹಂಚಿಕೆಯಾಯಿತು. ಹತ್ತರಿಂದ ಹನ್ನೆರಡು ತಾಂಡೇಲರು. ಹನ್ನೆರಡರಿಂದ ಎರಡು ಶಿಷ್ಯ. ನಾಲ್ಕರಿಂದ ಆರು ಹುಡುಗ. ನಡುವಿನ ಎರಡು ಗಂಟೆಗಳನ್ನು ನಾವೇ ಬೇಡಿ ತೆಗೆದುಕೊಂಡೆವು. “ಬೇಡ ಮಾಸ್ತರೇ, ಮಲಗಿರಿ” ಎಂದನು. ಬ್ರಾಹ್ಮೀಮುಹೂರ್ತಕ್ಕೆ ಏಳುವ ಅಭ್ಯಾಸವಿರುವವರಿಗೆ ಅದೇನು ದೊಡ್ಡದೆಂದು ನಾವು ಹಟ ಹಿಡಿದೆವು. ಆಗ ಅವನು ಪಾಠ ಹೇಳಿದನು, ನಾವು ಕೇಳಿದೆವು. ಬಂದರಿನ ಕಟ್ಟೆಯ ತುದಿಯಲ್ಲಿ ಒಂದು ಬಿಳಿಯ ದೀಪ. ಅದರ ಹಿಂದೆ, ದೂರದ ಎತ್ತರದಲ್ಲಿ ಒಂದು ಗೋಪುರದ ಕೆಂಪು ದೀಪ. ಈಗ ಒಂದರ ಮೇಲೊಂದು ನಿಂತಂತೆ ಕಾಣುತ್ತಿವೆ. ನಡುರಾತ್ರಿಯ ಮೇಲೆ ನೆಲವು ತಣಿದು, ಕಡಲು ಬೆಚ್ಚಗುಳಿದು, ಘಟ್ಟದ ಕಡೆಯಿಂದ ಮೂಡಗಾಳಿಯು ಇಳಿಯುವುದು. ಆಗ ದೋಣಿಯು ಲಂಗರನ್ನು ನಡುವೆ ಮಾಡಿಕೊಂಡು ಸುತ್ತು ತಿರುಗಿ ಪಡುವಣಕ್ಕೆ ಬರುವುದು. ಬಿಳಿಯ ದೀಪವು ಕೆಂಪಿನ ಎಡಕ್ಕೆ ಸರಿಯುವುದು. ಕೈಯನ್ನು ನೀಳವಾಗಿ ಚಾಚಿ ನೋಡಿದರೆ ಅವುಗಳ ನಡುವೆ ಮೂರು ಬೆರಳಿನಷ್ಟು ಅಂತರ ಬರಬಹುದು. “ಅದು ಸಹಜ. ಅದಕ್ಕಿಂತ ಹೆಚ್ಚಾದರೆ ಲಂಗರು ಜಾರುತ್ತಿದೆ ಎಂದು ಅರ್ಥ. ನೈರುತ್ಯದಲ್ಲಿ ಗುಡ್ಡದ ಬುಡದ ಬಂಡೆಗಳಿವೆ. ಅನುಮಾನ ಬಂದರೂ ಸಾಕು, ನನ್ನನ್ನು ಎಬ್ಬಿಸಿ” ಎಂದನು.

ಎರಡು ಗಂಟೆಗೆ ಅವನು ನಮ್ಮ ಕಾಲನ್ನು ಮೆಲ್ಲನೆ ಮುಟ್ಟಿ ಎಬ್ಬಿಸಿದಾಗ ಮೂಡಗಾಳಿಯು ಆಗಲೇ ಬಂದಿದ್ದಿತು. ಶಾಲುಹೊದ್ದು ಮೇಲೆ ಕುಳಿತೆವು. ಚಳಿಯು ಘಟ್ಟದ ಮೇಲಿನ ಚಳಿಯಂತೆಯೇ ಇತ್ತು. ಕಾಳಿಯ ಕಣಿವೆಯೊಂದು ಕೊಳವೆಯಾಗಿ ಗಾಳಿಯನ್ನು ಊದುತ್ತಿದೆಯೋ ಎಂಬಂತೆ ಅದು ಬಿಟ್ಟುಬಿಟ್ಟು ಬರುತ್ತಿದ್ದಿತು. ಮೀನುದೋಣಿಗಳು ಒಂದೊಂದಾಗಿ ಸದ್ದು ಮಾಡುತ್ತ ಹೊರಟುಹೋದವು. ನಾವು ಕೈ ಚಾಚಿ ಬೆರಳಿಟ್ಟು ನೋಡಿದೆವು: ಸರಿಯಾಗಿ ಮೂರು ಬೆರಳು. ಕಾಲು ಗಂಟೆಯ ಮೇಲೆ ಮತ್ತೆ ನೋಡಿದೆವು: ಮೂರು. ಮನಸ್ಸು ನಿರಾಳವಾಗಿ ಅಮರಕೋಶದ ಕಡೆಗೆ ಹರಿಯಿತು. ಲಾಂಗಲ, ಹಲ, ಗೋದಾರಣ, ಸೀರ. ಇವುಗಳಲ್ಲಿ ಯಾವುದಾದರೊಂದು ನೀರಿಗಿಳಿದ ಪ್ರಯೋಗವುಂಟೇ ಎಂದು ಹುಡುಕುತ್ತ, ಎಚ್ಚರದಲ್ಲಿದ್ದೆವೋ ತೂಕಡಿಸಿದೆವೋ ಹೇಳಲಾರೆವು. ಮತ್ತೆ ಕೈ ಚಾಚಿದಾಗ ನಾಲ್ಕು ಬೆರಳು ಹಿಡಿಸಿತು.

ಇಲ್ಲಿ ನಮ್ಮ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಎಬ್ಬಿಸಬೇಕಾಗಿದ್ದಿತು, ಎಬ್ಬಿಸಲಿಲ್ಲ. ನಮ್ಮ ಬೆರಳುಗಳು ಸೀಮೆಸುಣ್ಣ ಹಿಡಿದು ಸವೆದವು, ಅವನವು ಹಗ್ಗ ಎಳೆದು ದಪ್ಪವಾದವು. ಅವನ ಮೂರು ನಮ್ಮ ನಾಲ್ಕಕ್ಕೆ ಸಮವಿರಬಾರದೇಕೆ ಎಂದು ತರ್ಕಿಸಿದೆವು. ತರ್ಕವು ಚೆನ್ನಾಗಿಯೇ ಇತ್ತು. ಆದರೆ ಅದರ ಹಿಂದೆ ಬೇರೊಂದು ಸಂಗತಿಯಿದ್ದಿತು.

೧೯೯೦ರ ಅಕ್ಟೋಬರಿನ ಒಂದು ಮಧ್ಯಾಹ್ನ, ಇದೇ ಶಿಷ್ಯನು ಹತ್ತನೆಯ ತರಗತಿಯಲ್ಲಿ ಎದ್ದು ನಿಂತು, “ಮಾಸ್ತರೇ, ಗಾಳಿ ತಿರುಗಿದೆ, ದೋಣಿಗಳು ಹೊರಗಿವೆ, ಮನೆಗೆ ಬಿಡಿ” ಎಂದಿದ್ದನು. ಕಿಟಕಿಯಿಂದ ನೋಡಿದರೆ ಆಕಾಶವು ಶುಭ್ರವಾಗಿದ್ದಿತು. ಸುಳ್ಳು ಗಾಬರಿ ಹುಟ್ಟಿಸುವವನೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ತೋಳ ಬಂತು ತೋಳ ಎಂಬ ಕತೆಯನ್ನೂ ಹೇಳಿ ತರಗತಿಯನ್ನು ನಗಿಸಿದೆವು. ಸಂಜೆ ಐದರ ಹೊತ್ತಿಗೆ ಬಿರುಗಾಳಿಯು ಬಂದಿತು. ಅವನ ಸೋದರಮಾವನ ದೋಣಿಯು ಅಳಿವೆಯ ಬಾಯಲ್ಲಿ ಮಗುಚಿ ಒಡೆಯಿತು. ಜನರು ಈಸಿ ದಡ ಸೇರಿದರು. ಮರುದಿನ ನಾವು ಆ ಮಾತನ್ನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹಾಗಿರುವಾಗ, ಮೂವತ್ತು ವರ್ಷಗಳ ಮೇಲೆ ಅವನ ದೋಣಿಯಲ್ಲಿ ಕುಳಿತು, ನಾಲ್ಕು ಬೆರಳನ್ನು ನಂಬಿ ಸುಳ್ಳು ಗಾಬರಿ ಹುಟ್ಟಿಸುವುದು ನಮ್ಮ ಬಾಯಿಗೆ ಬರಲಿಲ್ಲ.

ಎಷ್ಟು ಹೊತ್ತು ಕಳೆಯಿತೋ, ಹತ್ತು ನಿಮಿಷವೋ ಹದಿನೈದೋ. ಅಷ್ಟರಲ್ಲಿ ಸಹ್ಯಾದ್ರಿಯ ಮೇಲೆ ಏಕಾದಶಿಯ ಚಂದ್ರನು ಸವೆದ ಕುಡುಗೋಲಿನಂತೆ ಎದ್ದನು. ಬೆಳಕು ಅಲ್ಪವಾದರೂ ಸಾಕಾಯಿತು. ಹಿಂದಕ್ಕೆ ತಿರುಗಿ ನೋಡಿದರೆ, ಸಂಜೆ ದೂರದಲ್ಲಿದ್ದ ಗುಡ್ಡವು ಮೈಮೇಲೆ ಬಂದಂತಿದ್ದಿತು. ಅದರ ಬುಡದಲ್ಲಿ ಬಿಳಿಯ ನೊರೆಯು ಏಳುವುದೂ ಅಡಗುವುದೂ ಕಂಡಿತು, ಸದ್ದೂ ಕೇಳಿತು. ದೀಪಗಳ ನಡುವೆ ಬೆರಳಿಡುವ ಮಾತೇ ಇರಲಿಲ್ಲ, ಅಂಗೈಯೇ ಹಿಡಿಸುತ್ತಿತ್ತು. ನಾವು ಕೂಗಿದೆವು. ಏನೆಂದು ಕೂಗಿದೆವೋ ನೆನಪಿಲ್ಲ, “ಕರ್ಣಧಾರ!” ಎಂದಿರೆಂದು ಹುಡುಗನು ಆಮೇಲೆ ಹೇಳಿದನು. ಅವನು ನಮ್ಮನ್ನು ಪರಿಹಾಸ್ಯ ಮಾಡಿದ್ದೂ ಆಗಿರಬಹುದು.

ನಮಗಿಂತ ಮೊದಲು ತಾಂಡೇಲರು ಮೂತಿಯ ಬಳಿಗೆ ತಲುಪಿ ಹಗ್ಗದ ಮೇಲೆ ಅಂಗೈಯನ್ನು ಇಟ್ಟಿದ್ದರು. ನೆಲವನ್ನು ಕಚ್ಚಿದ ಲಂಗರಿನ ಹಗ್ಗವು ಒಂದೇ ಸಮನೆ ಬಿಗಿದಿರುತ್ತದೆ. ಜಾರುವ ಲಂಗರಿನದು ಬಿಗಿದು ಸಡಿಲಿ, ಬಿಗಿದು ಸಡಿಲಿ, ಅಂಗೈಗೆ ನಡುಕವನ್ನು ಕೊಡುತ್ತದೆ. ಅವರು ಒಂದೇ ಮಾತಿನಲ್ಲಿ “ಬರುತ್ತಿದೆ” ಎಂದರು. ಶಿಷ್ಯನು ಆಗಲೇ ಯಂತ್ರವನ್ನು ಚಾಲು ಮಾಡಿದ್ದನು. ಅದು ಒಮ್ಮೆ ಕೆಮ್ಮಿ ನಿಂತಿತು. ಆ ಕ್ಷಣದಲ್ಲಿ ನಾವು ಜೀವರಕ್ಷಕದ ಪಟ್ಟಿಯನ್ನು ಹಿಡಿದುಕೊಂಡು, ಈಜು ಬಾರದವನಿಗೆ ಇಪ್ಪತ್ತೈದು ಮಾರು ಎಷ್ಟು ದೂರವೆಂದು ಲೆಕ್ಕ ಹಾಕುತ್ತಿದ್ದೆವು. ಬಂಡೆಗಳಿಗೆ ಅಷ್ಟೇ ಉಳಿದಿತ್ತು. ಎರಡನೆಯ ಸಲ ಯಂತ್ರವು ಹಿಡಿಯಿತು. ದೋಣಿಯು ಮೂಡಗಾಳಿಗೆ ಎದೆಗೊಟ್ಟು ಮೆಲ್ಲಮೆಲ್ಲನೆ ಮುಂದಕ್ಕೆ ಹೊರಟಿತು. ಅಜ್ಜನೂ ಮೊಮ್ಮಗನೂ ಹಗ್ಗವನ್ನು ಎಳೆದೆಳೆದು ಒಳಗೆ ತುಂಬಿದರು. ಸಡಿಲು ಹಗ್ಗವು ಯಂತ್ರದ ಚಕ್ರಕ್ಕೆ ಸುತ್ತಿಕೊಂಡರೆ ಎಲ್ಲವೂ ಮುಗಿಯುವುದಂತೆ. ನಮಗೆ ಒಂದು ಕೈದೀಪವನ್ನು ಕೊಟ್ಟು ಹಗ್ಗವು ಹೋಗುವ ದಿಕ್ಕನ್ನು ತೋರಿಸುತ್ತಿರಲು ಹೇಳಿದರು. ಆ ಕೆಲಸವನ್ನು ತಪ್ಪದೆ ಮಾಡಿದೆವು.

ಲಂಗರು ನೀರಿನಿಂದ ಮೇಲೆ ಬಂದಾಗ ಕಾರಣವು ತಿಳಿಯಿತು. ಅದರ ಗುಳಕ್ಕೆ ಯಾರೋ ಕಡಲಿಗೆ ಬಿಸುಟ ಹರಿದ ನೈಲಾನ್ ಬಲೆಯ ತುಂಡೊಂದು ಕೆಸರಿನೊಡನೆ ಮುದ್ದೆಯಾಗಿ ಸುತ್ತಿಕೊಂಡಿದ್ದಿತು. ಸಂಜೆಯ ಪಡುಗಾಳಿಯಲ್ಲಿ ಒಂದು ದಿಕ್ಕಿಗೆ ಕಚ್ಚಿದ ಲಂಗರು, ರಾತ್ರಿಯ ಮೂಡಗಾಳಿಯು ಇನ್ನೊಂದು ದಿಕ್ಕಿಗೆ ಎಳೆದಾಗ ಕಿತ್ತು, ತಿರುಗಿ, ಮತ್ತೆ ಕಚ್ಚಬೇಕು. ತಿರುಗುವಾಗ ಈ ಬಲೆಯು ಸಿಕ್ಕಿತು. ನೇಗಿಲ ತುದಿಗೆ ಚಿಂದಿಯನ್ನು ಕಟ್ಟಿದಂತಾಗಿ ಅದು ಉಳದೆ ಬರಿದೆ ಜಾರಿತು. ಹತ್ತಿಯ ನೂಲಿನ ಬಲೆಯಿದ್ದ ಕಾಲದಲ್ಲಿ ಅದು ನೀರಿನಲ್ಲಿ ಕೊಳೆತುಹೋಗುತ್ತಿತ್ತು, ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ತಾಂಡೇಲರು ಬೈದುಕೊಳ್ಳುತ್ತ ಚೂರಿಯಿಂದ ಕತ್ತರಿಸಿದರು. ಬಂಡೆಗಳಿಂದ ಬಹುದೂರ ಉತ್ತರಕ್ಕೆ ಹೋಗಿ, ಮೂರೂವರೆ ಮಾರು ನೀರಿನಲ್ಲಿ, ಈ ಸಲ ಮೂಡಗಾಳಿಗೆ ಎದುರಾಗಿಯೇ ಲಂಗರನ್ನು ಇಳಿಸಿ, ಹಿಂದಿನಂತೆಯೇ ಯಂತ್ರದಿಂದ ಎಳೆದು ಪರೀಕ್ಷಿಸಿದರು. ಆಗ ಗಂಟೆ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಹುಡುಗನು ಚಹ ಕಾಸಿದನು. ಏಕಾದಶಿಯೆಂಬುದನ್ನು ಮರೆತು ನಾವೂ ಕುಡಿದೆವು. ಶಿಷ್ಯನು ಏನೂ ಕೇಳಲಿಲ್ಲ. ಅದೇ ನಮಗೆ ಸಹಿಸಲಾಗಲಿಲ್ಲ. ನಾವಾಗಿಯೇ ಹೇಳಿದೆವು: ನಾಲ್ಕು ಬೆರಳನ್ನು ಕಂಡೂ ಸುಮ್ಮನಿದ್ದೆವೆಂದೂ, ಏಕೆ ಸುಮ್ಮನಿದ್ದೆವೆಂದೂ, ಬೆಂಚಿನ ಸಂಗತಿಯನ್ನೂ. ಅವನು ಲೋಟವನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದು, “ಮಾಸ್ತರೇ, ಅಂದು ಗಾಳಿಯ ವಿಷಯ ನನಗೇನೂ ಗೊತ್ತಿರಲಿಲ್ಲ. ಮುಂದಿನ ತಾಸಿಗೆ ಲೆಕ್ಕದ ಪರೀಕ್ಷೆಯಿತ್ತು. ಮನೆಗೆ ಹೋಗಲು ಏನಾದರೊಂದು ನೆಪ ಬೇಕಿತ್ತು. ಸಂಜೆ ನಿಜವಾಗಿಯೂ ಗಾಳಿ ಬಂದಾಗ ನಾನೇ ಹೆದರಿದೆ. ಮಾವನ ದೋಣಿ ಒಡೆದದ್ದು ನನ್ನ ಸುಳ್ಳಿನಿಂದಲೇ ಎಂದು ಎಷ್ಟೋ ದಿನ ಅಂದುಕೊಂಡಿದ್ದೆ” ಎಂದನು. ತಾಂಡೇಲರು ಇದನ್ನು ಕೇಳಿ ಕೆಮ್ಮು ಬರುವಷ್ಟು ನಕ್ಕರು. ನಾವೂ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ಅವನು, “ಆದರೂ ನಾಲ್ಕು ಬೆರಳಿಗೇ ಎಬ್ಬ

ಿಸಬೇಕಿತ್ತು” ಎಂದನು. ಅದನ್ನು ಗುರುವಿಗೆ ಹೇಳುವಂತೆ ಹೇಳಲಿಲ್ಲ. ಪಹರೆಯವನಿಗೆ ಹೇಳುವಂತೆ ಹೇಳಿದನು. ನಾವು ಒಪ್ಪಿದೆವು.

ಆರು ಗಂಟೆಗೆ ಲಂಗರನ್ನು ಎತ್ತಿದಾಗ ಅದು ಸುಲಭವಾಗಿ ಬರಲಿಲ್ಲ. ದೋಣಿಯನ್ನು ಅದರ ನೇರಕ್ಕೆ ತಂದು ಹಗ್ಗವನ್ನು ಗಂಟು ಹಾಕಿ ಕಾಯಬೇಕಾಯಿತು. ಅಲೆಯೊಂದು ಎತ್ತಿದಾಗ ಸಡಿಲಿತು. ಕರಿಯ ಕೆಸರು ಗುಳದ ತುಂಬ ಹೆಪ್ಪುಗಟ್ಟಿದ್ದಿತು, ಉತ್ತ ಗದ್ದೆಯ ವಾಸನೆಯೇ ಅದಕ್ಕೆ. ಹುಡುಗನು ನೀರೆರಚಿ ತೊಳೆದನು. ಮೂಡಗಾಳಿಯನ್ನು ಮಗ್ಗುಲಿಗೆ ಪಡೆದು ಹಾಯಿಗಳು ತುಂಬಿಕೊಂಡವು. ಯಂತ್ರವನ್ನು ನಿಲ್ಲಿಸಿದಾಗ ಉಳಿದ ನಿಶ್ಶಬ್ದದಲ್ಲಿ ನೀರು ದೋಣಿಯ ಮೈಗೆ ಉಜ್ಜುವ ಸದ್ದೊಂದೇ ಕೇಳುತ್ತಿತ್ತು. ನೌಕಾದಳದ ಸೀಮೆಯನ್ನು ಬಹುದೂರ ಬಿಟ್ಟು ಹೊರಗಿನಿಂದ ಸುತ್ತಿದೆವು. ಅಂಜುದೀವು ಮಂಜಿನಲ್ಲಿ ಮಸಿಯ ಗೆರೆಯಂತೆ ಕಂಡು ಮರೆಯಾಯಿತು. ಹತ್ತರ ಮೇಲೆ ಗಾಳಿಯು ಸತ್ತು, ಒಂದು ತಾಸು ಬಿಸಿಲಿನಲ್ಲಿ ಬೆಂದು, ಮಧ್ಯಾಹ್ನ ಪಡುಗಾಳಿಯು ಎದ್ದ ಮೇಲೆ ಗೋಕರ್ಣದ ಗುಡ್ಡಗಳನ್ನು ಎಡಕ್ಕೆ ಬಿಡುತ್ತ, ಭರತದ ನೀರಿನೊಡನೆ ಅಘನಾಶಿನಿಯ ಅಳಿವೆಯನ್ನು ಹೊಕ್ಕೆವು. ಇಪ್ಪತ್ತಕ್ಕೆ ಮೇಲ್ಪಟ್ಟು ನಾವಿಕ ಮೈಲಿಗಳ ದಾರಿ. ದ್ವಾದಶಿಯ ಪಾರಣೆಯ ಹೊತ್ತು ಮೀರಿಹೋಗಿದ್ದಿತು.

ಇಳಿಯುವಾಗ ತಾಂಡೇಲರು ಆ ಬಲೆಯ ತುಂಡನ್ನು ತೊಳೆದು ಮಡಿಸಿ ನಮ್ಮ ಕೈಚೀಲದಲ್ಲಿ ಇಟ್ಟರು. ಅದು ಈಗ ನಮ್ಮ ಹಿತ್ತಿಲಿನಲ್ಲಿ ಹರಿವೆಯ ಮಡಿಗೆ ಕೋಳಿಗಳು ಬಾರದಂತೆ ಹೊದಿಸಲ್ಪಟ್ಟಿದೆ. ಬಹಳ ಗಟ್ಟಿಯಾದ ಬಲೆ, ಎಲ್ಲಿ ಕೊಂಡಿರೆಂದು ನಮ್ಮ ಮನೆಯವರು ಎರಡು ಸಲ ಕೇಳಿದ್ದಾರೆ. ಕಾರವಾರದಲ್ಲಿ ಸಿಕ್ಕಿತೆಂದಷ್ಟೇ ಹೇಳಿದ್ದೇವೆ. ಈ ಮಾಸಪತ್ರಿಕೆಯು ನಮ್ಮ ಮನೆಗೂ ಬರುತ್ತದೆ. ಉಳಿದುದನ್ನು ಅವರು ಇದರಲ್ಲಿ ಓದಿಕೊಳ್ಳುವರು.